ಗ್ಲಾಸಿನ ಸದ್ದನ್ನು ಯಾಕೆ ಹಾಗೇ ಬಿಟ್ಟರು?

ಪ್ರಶ್ನೆ: ಬಿಲ್ ಇವಾನ್ಸ್ ಟ್ರಿಯೊ 1961ರಲ್ಲಿ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ನುಡಿಸಿದ ರೆಕಾರ್ಡಿಂಗ್ ಕೇಳಲೇಬೇಕು ಅಂತ ಗೆಳೆಯರೊಬ್ಬರು ಬೆನ್ನುಹತ್ತಿದರು. ಕೇಳಿದೆ. ಪಿಯಾನೊ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮಧ್ಯೆ ಮಧ್ಯೆ ಗ್ಲಾಸುಗಳ ಠಣ್ ಅನ್ನುವ ಸದ್ದು, ಯಾರೋ ಮಾತಾಡುವುದು, ನಗುವುದು. ಚಪ್ಪಾಳೆಯೂ ಅಷ್ಟಕ್ಕಷ್ಟೆ. ಇದನ್ನೇ ಸ್ಟುಡಿಯೊದಲ್ಲಿ ಶುದ್ಧವಾಗಿ ರೆಕಾರ್ಡ್ ಮಾಡಬಹುದಿತ್ತಲ್ಲ? ಇಷ್ಟೊಂದು ಹೊಗಳುವಂಥದ್ದು ಇದರಲ್ಲಿ ಏನಿದೆ? ಜಾಝ್ ನನಗೆ ಹೊಸದು. ಈ ಸದ್ದನ್ನೆಲ್ಲ ತೆಗೆಯುವ ಆ್ಯಪ್ ಇದೆಯಂತೆ, ಬಳಸಲಾ?

ಉತ್ತರ: ನಾನು ಈ ರೆಕಾರ್ಡಿಂಗ್ ಮೊದಲ ಸಲ ಕೇಳಿದ್ದು ಒಂದು ರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ಸ್ವಲ್ಪ ಹೊತ್ತಿಗೆ ಹೆಡ್‌ಫೋನ್ ತೆಗೆದು ಅಡುಗೆಮನೆ ಕಡೆ ತಿರುಗಿ ನೋಡಿದೆ. ಯಾರೋ ಲೋಟ ಇಟ್ಟ ಹಾಗಾಯಿತು. ಮನೆಯಲ್ಲಿ ನಾನೊಬ್ಬನೇ ಇದ್ದೆ. ಆ ಲೋಟ ಇಟ್ಟಿದ್ದು 1961ರ ಜೂನ್ 25ರ ಭಾನುವಾರ, ಮ್ಯಾನ್‌ಹಟನ್‌ನ ಒಂದು ನೆಲಮಾಳಿಗೆಯಲ್ಲಿ. ಅವತ್ತು ನನಗೂ ನಿಮ್ಮ ಹಾಗೇ ಕಿರಿಕಿರಿಯಾಯಿತು. ಆದ್ದರಿಂದ ನಿಮ್ಮ ಪ್ರಶ್ನೆ ಪೆದ್ದು ಪ್ರಶ್ನೆ ಅಂತ ನನಗೆ ಅನಿಸುವುದಿಲ್ಲ. ಜಾಝ್ ಕೇಳುವವರು ಆ ಸದ್ದಿಗೆ ಒಗ್ಗಿಹೋಗಿ, ಹೊಸಬರಿಗೆ ಅದು ಹೇಗೆ ಕೇಳಿಸುತ್ತದೆ ಅನ್ನುವುದನ್ನೇ ಮರೆತಿರುತ್ತಾರೆ.

ಗ್ಲಾಸಿನ ಸದ್ದಿನಿಂದಲೇ ಶುರು ಮಾಡೋಣ. ಬಿಲ್ ಇವಾನ್ಸ್ ಪಿಯಾನೊ ನುಡಿಸುತ್ತಿದ್ದಾನೆ, ಒಬ್ಬ ಡಬಲ್ ಬಾಸ್ ಅನ್ನುವ ದೊಡ್ಡ ತಂತಿವಾದ್ಯ, ಇನ್ನೊಬ್ಬ ಡ್ರಮ್ಸ್. ಡ್ರಮ್ಸ್ ಇರುವ ಕೋಣೆಯಲ್ಲಿ ಗ್ಲಾಸು ಮೇಜಿಗೆ ತಾಗಿದ್ದು ನಿಮಗೆ ಕೇಳಿಸಬೇಕಾದರೆ ಆ ಡ್ರಮ್ಸ್ ಎಷ್ಟು ಮೆತ್ತಗಿರಬೇಕು, ಯೋಚಿಸಿ. ಮನಸ್ಸು ಮಾಡಿದ್ದರೆ ಡ್ರಮ್ಮರ್ ಪಾಲ್ ಮೋಶನ್ ಒಂದೇ ಒಂದು ಏಟಿಗೆ ಇಡೀ ಕೋಣೆಯ ಮಾತು ಮುಚ್ಚಿಬಿಡಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಜನರ ಮಾತು ಎಷ್ಟು ಎತ್ತರದಲ್ಲಿದೆಯೋ ಅದೇ ಎತ್ತರದಲ್ಲಿ, ಕೆಲವೊಮ್ಮೆ ಅದಕ್ಕಿಂತ ಕೆಳಗೆ, ಮೂವರೂ ನುಡಿಸುತ್ತಿದ್ದಾರೆ. ಗ್ಲಾಸು ನಿಮಗೆ ಅಳತೆಗೋಲು ಇದ್ದ ಹಾಗೆ. ಫೋಟೊದಲ್ಲಿ ಬೆಟ್ಟದ ಪಕ್ಕ ಒಬ್ಬ ಮನುಷ್ಯ ನಿಂತಿದ್ದರೆ ಬೆಟ್ಟ ಎಷ್ಟು ದೊಡ್ಡದು ಅಂತ ತಿಳಿಯುತ್ತದಲ್ಲ, ಇಲ್ಲಿ ಗ್ಲಾಸಿನಿಂದ ಸಂಗೀತ ಎಷ್ಟು ಮೆತ್ತಗಿದೆ ಅಂತ ತಿಳಿಯುತ್ತದೆ. ಸ್ಟುಡಿಯೊದಲ್ಲಿ ಈ ಅಳತೆಗೋಲು ಸಿಗುವುದಿಲ್ಲ. ಅಲ್ಲಿ ಪಿಸುಮಾತನ್ನೂ ಕಿರುಚಾಟದಷ್ಟು ದೊಡ್ಡದು ಮಾಡಬಹುದು, ಕೇಳುವವನಿಗೆ ಗೊತ್ತೇ ಆಗದ ಹಾಗೆ.

ಇನ್ನು ಆ ಕೋಣೆ. ವಿಲೇಜ್ ವ್ಯಾನ್‌ಗಾರ್ಡ್ ಅನ್ನು ಮ್ಯಾಕ್ಸ್ ಗಾರ್ಡನ್ ಅನ್ನುವವರು 1935ರಲ್ಲಿ ಶುರು ಮಾಡಿದರು. ಸೆವೆಂತ್ ಅವೆನ್ಯೂ ಸೌತ್‌ನಲ್ಲಿ ರಸ್ತೆಯಿಂದ ಕಿರಿದಾದ ಮೆಟ್ಟಿಲು ಇಳಿದು ಹೋಗಬೇಕು. ಒಳಗೆ ತಗ್ಗು ಮೇಲ್ಚಾವಣಿ. ಕೋಣೆ ಚೌಕಾಕಾರವಾಗಿಲ್ಲ, ಬೆಣೆಯ ಹಾಗೆ ಒಂದು ಕಡೆ ಚೂಪಾಗುತ್ತಾ ಹೋಗುತ್ತದೆ. ಆ ಚೂಪು ತುದಿಯಲ್ಲಿ ಪುಟ್ಟ ವೇದಿಕೆ. ಕೂರಲು ಜಾಗ ಇರುವುದು 123 ಜನಕ್ಕೆ. ಅಡುಗೆಮನೆಯೇ ಕಲಾವಿದರ ವಿಶ್ರಾಂತಿ ಕೋಣೆ. ಮುಂದಿನ ಸಾಲಿನವರು ಕಾಲು ಚಾಚಿದರೆ ಪಿಯಾನೊ ಹತ್ತಿರ ಹೋಗುತ್ತದೆ. ಇಂಥ ಕಡೆ ಸದ್ದು ಅಲೆದಾಡಲು ಜಾಗ ಇರುವುದಿಲ್ಲ. ಎತ್ತರದ ಹಾಲ್‌ನಲ್ಲಿ ಒಂದು ಸ್ವರ ನುಡಿಸಿದರೆ ಅದು ಗೋಡೆಗೆ ಬಡಿದು ವಾಪಸ್ ಬರಲು ಹೊತ್ತು ಹಿಡಿಯುತ್ತದೆ, ಗುಂಯ್ ಅನ್ನುತ್ತದೆ. ಇಲ್ಲಿ ಮೇಜು, ಕುರ್ಚಿ, ಜನರ ಮೈ, ಬಟ್ಟೆ ಎಲ್ಲ ಸೇರಿ ಸದ್ದನ್ನು ಹೀರಿಕೊಳ್ಳುತ್ತವೆ. ಸ್ವರ ಹುಟ್ಟಿದ ಜಾಗದಿಂದ ಸೀದಾ ಕಿವಿಗೆ ಬರುತ್ತದೆ.

ಅಲ್ಲಿ ಅವತ್ತು ಐದು ಸೆಟ್, ಅಂದರೆ ನಡುನಡುವೆ ಬಿಡುವು ಕೊಟ್ಟು ಐದು ಸುತ್ತು, ನುಡಿಸಿದರು. ಮಧ್ಯಾಹ್ನ ಎರಡು, ಸಂಜೆ ಮೇಲೆ ಮೂರು. ರಿವರ್‌ಸೈಡ್ ರೆಕಾರ್ಡ್ ಕಂಪನಿಯ ನಿರ್ಮಾಪಕ ಓರಿನ್ ಕೀಪ್‌ನ್ಯೂಸ್ ಅಲ್ಲಿದ್ದರು, ಎಂಜಿನಿಯರ್ ಡೇವ್ ಜೋನ್ಸ್ ಟೇಪ್ ಯಂತ್ರ ಹೊತ್ತು ತಂದಿದ್ದರು. ಮೊದಲನೇ ಹಾಡಿನ ನಡುವೆಯೇ ಕರೆಂಟು ಕೈಕೊಟ್ಟು ಟೇಪ್ ನಿಂತಿತು. ಎಷ್ಟೋ ವರ್ಷಗಳ ನಂತರ, 2005ರಲ್ಲಿ ಇಡೀ ದಿನದ ರೆಕಾರ್ಡಿಂಗ್ ಅನುಕ್ರಮವಾಗಿ ಮೂರು ಸಿಡಿಗಳಲ್ಲಿ ಬಂದಾಗ ಆ ತುಂಡಾದ ಟೇಕನ್ನೂ (ಒಂದು ಹಾಡನ್ನು ಒಂದು ಸಲ ನುಡಿಸಿದ ರೆಕಾರ್ಡಿಂಗ್) ಸೇರಿಸಿದರು. ಕೇಳುತ್ತಿರುವಾಗ ಸಂಗೀತ ಫಟ್ ಅಂತ ಕಾಣೆಯಾಗುತ್ತದೆ, ಆಮೇಲೆ ಬೇರೆಲ್ಲೋ ಮುಂದುವರಿಯುತ್ತದೆ. ಕ್ಲಬ್‌ನಲ್ಲಿ ಕೂತಿದ್ದವರಿಗೆ ಏನೂ ವ್ಯತ್ಯಾಸ ಆಗಿರಲಿಕ್ಕಿಲ್ಲ. ಪಿಯಾನೊಗೆ ಕರೆಂಟು ಬೇಡವಲ್ಲ.

ಈ ಕರೆಂಟಿನ ವಿಷಯ ಸುಮ್ನೆ ಹೇಳಿದ್ದಲ್ಲ. ಆ ಟ್ರಿಯೊದ ಬಾಸ್ ವಾದಕ ಸ್ಕಾಟ್ ಲಾಫಾರೊ. ಅವನ ಬಾಸ್‌ಗೆ ಆಂಪ್ಲಿಫೈಯರ್ ಇರಲಿಲ್ಲ. ಡಬಲ್ ಬಾಸ್ ನೋಡಲು ಆಳೆತ್ತರ, ಸದ್ದು ಮಾತ್ರ ಬಡಪಾಯಿ. ಕೈಬೆರಳಲ್ಲಿ ಮೀಟಿದರೆ ಡ್ರಮ್ಸ್ ಪಕ್ಕ ಅದು ಸುಲಭವಾಗಿ ಮುಳುಗಿಹೋಗುತ್ತದೆ. ಹಾಗಾಗಿ ಇಡೀ ತಂಡ ಎಷ್ಟು ಜೋರಾಗಿ ನುಡಿಸಬೇಕು ಅನ್ನುವುದನ್ನು ಬಾಸ್ ತೀರ್ಮಾನ ಮಾಡುತ್ತದೆ. ಬಾಸ್ ಕೇಳಿಸಬೇಕು ಅಂದರೆ ಡ್ರಮ್ಮರ್ ಕೋಲು ಬಿಟ್ಟು ತಂತಿಯೆಳೆಗಳ ಬ್ರಷ್ ಹಿಡಿಯಬೇಕು, ಪಿಯಾನೊದವನು ಎಡಗೈ ಹಗುರ ಮಾಡಬೇಕು. ದೊಡ್ಡ ವೇದಿಕೆಯಲ್ಲಿ ಕಲಾವಿದರ ಮುಂದೆ ಸ್ಪೀಕರ್ ಇಟ್ಟಿರುತ್ತಾರೆ, ಪಕ್ಕದವನು ನುಡಿಸಿದ್ದು ಅದರಿಂದ ಕೇಳಿಸಬೇಕು. ಇಲ್ಲಿ ಅದೇನೂ ಇಲ್ಲ. ಪಕ್ಕದವನ ಸದ್ದು ಬೇಕಿದ್ದರೆ ನೀನು ಮೆತ್ತಗಾಗು, ಅಷ್ಟೇ. ಈ ತಂಡದ ಮೂವರೂ ಅಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ ಅಂತ ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಅರ್ಧ ಪಾಲು ಅವರ ಪ್ರತಿಭೆ. ಇನ್ನರ್ಧ ಆ ಸಣ್ಣ ಕೋಣೆಯ ಒತ್ತಾಯ ಅಂತ ನನ್ನ ಲೆಕ್ಕ.

ಇನ್ನೊಂದು ಸಂಗತಿ ಸೋರಿಕೆ. ಎಂಜಿನಿಯರ್‌ಗಳು ಬಳಸುವ ಮಾತು ಇದು. ಪಿಯಾನೊ ಮುಂದಿನ ಮೈಕ್‌ಗೆ ಡ್ರಮ್ಸ್ ಕೂಡ ಬೀಳುತ್ತದೆ, ಬಾಸ್ ಮುಂದಿನ ಮೈಕ್‌ಗೆ ಪಿಯಾನೊ ಬೀಳುತ್ತದೆ, ಎಲ್ಲ ಮೈಕ್‌ಗೂ ಮೂರನೇ ಮೇಜಿನ ನಗು ಬೀಳುತ್ತದೆ. ಇಂದಿನ ಸ್ಟುಡಿಯೊದಲ್ಲಿ ಒಬ್ಬೊಬ್ಬರನ್ನೂ ಒಂದೊಂದು ಗಾಜಿನ ಗೂಡಿನಲ್ಲಿ ಕೂರಿಸಬಹುದು. ಬಾಸ್ ಒಂದು ಸ್ವರ ತಪ್ಪಿದರೆ ಅದೊಂದನ್ನೇ ಸರಿ ಮಾಡಬಹುದು. ಎಲ್ಲರ ಸದ್ದೂ ಎಲ್ಲ ಮೈಕ್‌ನಲ್ಲೂ ಬೆರೆತುಹೋಗಿದ್ದರೆ ಅದು ಸಾಧ್ಯವೇ ಇಲ್ಲ. ಹಾಲಿಗೆ ಸಕ್ಕರೆ ಬೆರೆಸಿದ ಮೇಲೆ ಸಕ್ಕರೆ ಮಾತ್ರ ವಾಪಸ್ ಕೊಡಿ ಅಂದ ಹಾಗೆ. ನೀವು ಕೇಳುತ್ತಿರುವುದು ನಿಜವಾಗಿ ಆ ಹೊತ್ತಿನಲ್ಲಿ ನಡೆದದ್ದು. ಒಬ್ಬ ಎಡವಿದರೆ ಉಳಿದಿಬ್ಬರು ಅದನ್ನು ಹೊತ್ತುಕೊಂಡೇ ಮುಂದೆ ಹೋಗಬೇಕು.

ಸರಿ, ಈಗ ಕೇಳೋಣ. ‘ವಾಲ್ಟ್ಜ್ ಫಾರ್ ಡೆಬಿ’ ಅನ್ನುವ ಆಲ್ಬಂ ತೆಗೆಯಿರಿ. ಆವತ್ತಿನ ರೆಕಾರ್ಡಿಂಗ್‌ನಿಂದ ಎರಡು ಆಲ್ಬಂ ಬಂದವು, ಇದು ಎರಡನೆಯದು. ಮೊದಲ ಹಾಡು ‘ಮೈ ಫೂಲಿಶ್ ಹಾರ್ಟ್’. ಐದು ನಿಮಿಷದ್ದು. ಜಾಝ್ ಅಂದರೆ ಕೈಚಳಕ, ವೇಗ ಅಂದುಕೊಂಡವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಇವಾನ್ಸ್ ಮೂಲ ಧಾಟಿಯನ್ನು ಬಿಟ್ಟು ದೂರ ಹೋಗುವುದೇ ಇಲ್ಲ. ಹಾಗಾದರೆ ಏನು ಕೇಳಬೇಕು?

ಮೊದಲ ಸಲ ಪಿಯಾನೊ ಕೇಳಬೇಡಿ. ಬಾಸ್ ಕೇಳಿ. ಲಾಫಾರೊ ಆ ದಿನ ಬೇರೆಲ್ಲ ಕಡೆ ತುಂಬಾ ಮಾತಾಡುವವನು. ಇಲ್ಲಿ ಒಂದೊಂದೇ ಸ್ವರ ಇಡುತ್ತಾನೆ, ಆಳದಲ್ಲಿ, ಅದು ಆರಿಹೋಗುವವರೆಗೂ ಬಿಡುತ್ತಾನೆ. ಎರಡನೇ ಸಲ ಡ್ರಮ್ಸ್ ಕೇಳಿ. ಮೋಶನ್ ತಾಳ ಹಾಕುತ್ತಿದ್ದಾನೆ ಅಂತ ಹೇಳುವುದೂ ಕಷ್ಟ. ಬ್ರಷ್ ಉಜ್ಜುವ ಸದ್ದು, ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಮೇಲೆ ಬೆಳಕು ಬಿದ್ದು ಅಲುಗಾಡಿದ ಹಾಗೆ ಒಂದು ಮಿನುಗು. ಮೂರನೇ ಸಲ ಪಿಯಾನೊ ಕೇಳಿ, ಅದರಲ್ಲೂ ಒಂದು ಸ್ವರಗುಚ್ಛ ಮುಗಿದು ಇನ್ನೊಂದು ಬರುವ ನಡುವಿನ ಜಾಗ. ಆ ಜಾಗದಲ್ಲೇ ನಿಮಗೆ ಜನರ ಗುಜುಗುಜು ಕೇಳಿಸುವುದು. ನಿಮಗೆ ಅದು ತೊಂದರೆ ಅನಿಸಿತು. ನನಗೀಗ ಬೇರೆ ಥರ ಕೇಳಿಸುತ್ತದೆ. ಜನ ಮಾತಾಡುತ್ತಿದ್ದಾರೆ ಅಂತ ಗೊತ್ತಿದ್ದೂ ಇವಾನ್ಸ್ ಆ ಜಾಗವನ್ನು ತುಂಬುವುದಿಲ್ಲ. ಕಾಯುತ್ತಾನೆ. ಯಾರ ಗಮನಕ್ಕಾಗಿಯೂ ಕೈ ಬೀಸುವುದಿಲ್ಲ. ನಿಶ್ಶಬ್ದ ಸ್ಟುಡಿಯೊದಲ್ಲಿ ನಿಧಾನವಾಗಿ ನುಡಿಸುವುದು ಬೇರೆ. ಮಾತಾಡುವ ಜನರ ನಡುವೆ ಅಷ್ಟು ನಿಧಾನ ಮಾಡಲು ಗಟ್ಟಿ ಗುಂಡಿಗೆ ಬೇಕು.

ಅದೇ ಆಲ್ಬಂನ ಎರಡನೇ ಹಾಡು ‘ವಾಲ್ಟ್ಜ್ ಫಾರ್ ಡೆಬಿ’. ಇವಾನ್ಸ್ ತನ್ನ ಅಣ್ಣನ ಮಗಳಿಗಾಗಿ ಮಾಡಿದ ಧಾಟಿ. ಅದನ್ನು ಅವನು 1956ರಲ್ಲೇ ಸ್ಟುಡಿಯೊದಲ್ಲಿ ಒಬ್ಬನೇ ನುಡಿಸಿ ರೆಕಾರ್ಡ್ ಮಾಡಿದ್ದ. ಅದು ಬರೀ ಒಂದೂಕಾಲು ನಿಮಿಷದಷ್ಟು, ಚೊಕ್ಕವಾಗಿದೆ, ಚಂದವಾಗಿದೆ, ಮುಗಿಯುತ್ತದೆ. ವ್ಯಾನ್‌ಗಾರ್ಡ್‌ನಲ್ಲಿ ಅದೇ ಧಾಟಿ ಮೂರರ ಎಣಿಕೆಯಲ್ಲಿ ಶುರುವಾಗುತ್ತದೆ, ಜೊತೆಗೆ ಬಾಸ್ ಇನ್ನೊಂದು ಧಾಟಿ ಕಟ್ಟುತ್ತಾ ಹೋಗುತ್ತದೆ. ಆಮೇಲೆ ಲಯ ನಾಲ್ಕಕ್ಕೆ ತಿರುಗಿ ತೂಗಲು ಶುರುವಾಗುತ್ತದೆ. ಆ ತಿರುವು ಬರುವಾಗ ಮೂವರೂ ಒಂದೇ ಮೈ ಇದ್ದ ಹಾಗೆ ವಾಲುತ್ತಾರೆ. ಬೆರಳಲ್ಲಿ ಎಣಿಸುತ್ತಾ ಕೇಳಿದರೆ ಗೊತ್ತಾಗುತ್ತದೆ. ಅವತ್ತು ಈ ಹಾಡನ್ನು ಎರಡು ಸಲ ನುಡಿಸಿದರು, ಎರಡೂ ಸಿಗುತ್ತವೆ. ಒಂದರ ಹಿಂದೆ ಒಂದು ಹಾಕಿ ಕೇಳಿ. ಒಂದೇ ದಿನ, ಅದೇ ಜನ, ಅದೇ ಪಿಯಾನೊ. ಆದರೂ ಇವಾನ್ಸ್ ಒಂದರಲ್ಲಿ ಹೋದ ದಾರಿಯಲ್ಲಿ ಇನ್ನೊಂದರಲ್ಲಿ ಹೋಗುವುದಿಲ್ಲ. ಬಾಸ್ ಎಲ್ಲಿ ಮಧ್ಯೆ ಬಾಯಿ ಹಾಕುತ್ತದೆ ಅನ್ನುವುದೂ ಬೇರೆ. ಬರೆದಿಟ್ಟುಕೊಂಡು ನುಡಿಸಿದ್ದು ಎಷ್ಟು, ಅಲ್ಲೇ ಹುಟ್ಟಿದ್ದು ಎಷ್ಟು ಅಂತ ಯಾರ ವಿವರಣೆಯೂ ಬೇಕಾಗದೆ ಕಿವಿಗೇ ತಿಳಿಯುತ್ತದೆ.

ಸ್ಟುಡಿಯೊ ಜೊತೆ ಹೋಲಿಸಿ ನೋಡಬೇಕು ಅಂದರೆ ಅದಕ್ಕೂ ದಾರಿ ಇದೆ. ಇದೇ ಮೂವರು 1961ರ ಫೆಬ್ರವರಿಯಲ್ಲಿ, ಅಂದರೆ ನಾಲ್ಕೇ ತಿಂಗಳ ಹಿಂದೆ, ‘ಎಕ್ಸ್‌ಪ್ಲೊರೇಶನ್ಸ್’ ಅನ್ನುವ ಆಲ್ಬಂ ಅನ್ನು ಸ್ಟುಡಿಯೊದಲ್ಲಿ ಮಾಡಿದ್ದರು. ಒಳ್ಳೆಯ ಆಲ್ಬಂ, ನಾನು ಆಗಾಗ ಹಾಕಿಕೊಳ್ಳುತ್ತೇನೆ. ಗ್ಲಾಸಿಲ್ಲ, ನಗುವಿಲ್ಲ. ಆದರೆ ಅದನ್ನು ಕೇಳುವಾಗ ಮೂವರೂ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ಹಾಗೆ ನನಗೆ ಅನಿಸುತ್ತದೆ. ಕ್ಲಬ್‌ನಲ್ಲಿ ಬೆನ್ನು ಸಡಿಲ.

ಯಾಕೆ ಹಾಗೆ? ಸ್ಟುಡಿಯೊದಲ್ಲಿ ಪ್ರತಿ ಟೇಕ್ ಕೂಡ ಒಂದು ಪರೀಕ್ಷೆ. ಕೆಂಪು ದೀಪ ಹತ್ತಿತು, ಉಸಿರು ಬಿಗಿ ಹಿಡಿ. ಸರಿಬರಲಿಲ್ಲವಾ, ಮತ್ತೊಮ್ಮೆ. ಕ್ಲಬ್‌ನಲ್ಲಿ ಅದೊಂದು ಕೆಲಸದ ದಿನ. ಐದು ಸೆಟ್ ನುಡಿಸಬೇಕು, ಮನೆಗೆ ಹೋಗಬೇಕು. ಕೇಳಲು ಬಂದವರಲ್ಲಿ ಅರ್ಧ ಜನ ಕೇಳುತ್ತಿಲ್ಲ. ಇದು ಅವಮಾನ ಅಂತ ನಾವು ಅಂದುಕೊಳ್ಳುತ್ತೇವೆ. ಕಲಾವಿದನಿಗೆ ಅದೊಂದು ಬಿಡುಗಡೆಯೂ ಹೌದು. ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರೆ ಗೊತ್ತಿರುವುದನ್ನೇ ನುಡಿಸೋಣ ಅನಿಸುತ್ತದೆ. ಯಾರೂ ಅಷ್ಟಾಗಿ ನೋಡದಿದ್ದಾಗ ಗೊತ್ತಿಲ್ಲದ್ದನ್ನು ಹುಡುಕಲು ಧೈರ್ಯ ಬರುತ್ತದೆ.

ಇದಕ್ಕೆ ಇವಾನ್ಸ್‌ಗಿಂತ ದೊಡ್ಡ ಉದಾಹರಣೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದ್ದು. 1965ರ ಡಿಸೆಂಬರ್ 22 ಮತ್ತು 23, ಷಿಕಾಗೊದ ಪ್ಲಗ್ಡ್ ನಿಕಲ್ ಕ್ಲಬ್. ಒಬ್ಬರ ಕೈ ಇನ್ನೊಬ್ಬರಿಗೆ ಪೂರ್ತಿ ಗೊತ್ತಾಗಿ ತಂಡಕ್ಕೆ ಬೇಜಾರು ಶುರುವಾಗಿತ್ತು. ಡ್ರಮ್ಮರ್ ಟೋನಿ ವಿಲಿಯಮ್ಸ್ ಒಂದು ತರಲೆ ಸಲಹೆ ಕೊಟ್ಟ: ಯಾರಾದರೂ ನಮ್ಮಿಂದ ಏನು ನಿರೀಕ್ಷೆ ಮಾಡುತ್ತಾರೋ ಅದಕ್ಕೆ ಉಲ್ಟಾ ನುಡಿಸೋಣ. ಅವನಿಗಾಗ ಇಪ್ಪತ್ತು ತುಂಬಿ ಹತ್ತೋ ಹನ್ನೊಂದೋ ದಿನ. ಉಳಿದವರು ಹೂಂ ಅಂದರು. ಮೈಲ್ಸ್‌ಗೆ ಹೇಳಲಿಲ್ಲ. ಕ್ಲಬ್‌ಗೆ ಬಂದು ನೋಡಿದರೆ ರೆಕಾರ್ಡಿಂಗ್ ಕಂಪನಿಯವರು ಮೈಕ್ ನಿಲ್ಲಿಸುತ್ತಿದ್ದಾರೆ! ಆದರೂ ಮಾತು ತಪ್ಪಲಿಲ್ಲ. ಪಿಯಾನೊ ನುಡಿಸಿದ ಹರ್ಬಿ ಹ್ಯಾನ್‌ಕಾಕ್ ಈ ಕತೆಯನ್ನು ಮುಂದೆ ಬರೆದುಕೊಂಡಿದ್ದಾರೆ. ಆ ರೆಕಾರ್ಡಿಂಗ್‌ನಲ್ಲಿ ಹಾಡು ಏರಬೇಕಾದ ಕಡೆ ಕುಸಿಯುತ್ತದೆ, ಸುಮ್ಮನಿರಬೇಕಾದ ಕಡೆ ಡ್ರಮ್ಸ್ ಸಿಡಿಯುತ್ತದೆ. ಹಿನ್ನೆಲೆಯಲ್ಲಿ ಬಾರ್‌ನ ಗಲ್ಲಾಪೆಟ್ಟಿಗೆ ಕೂಡ ಕೇಳಿಸುತ್ತದೆ. ಹೊಸಬರಿಗೆ ಇದು ಬೇಡ, ಈಗಲೇ ಹೇಳಿಬಿಡುತ್ತೇನೆ. ಒಂದು ವರ್ಷ ಬಿಟ್ಟು ಕೇಳಿ.

ಹೊತ್ತಿನ ವಿಷಯವನ್ನೂ ಹೇಳಬೇಕು. ಹಳೆಯ 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಕ್ಲಬ್‌ನಲ್ಲಿ ಕಾಲು ಗಂಟೆ ನುಡಿಸುತ್ತಿದ್ದ ಹಾಡನ್ನು ರೆಕಾರ್ಡ್‌ಗಾಗಿ ಮೂರು ನಿಮಿಷಕ್ಕೆ ಕತ್ತರಿಸಿ ಕೊಡುತ್ತಿದ್ದರು. ಮನೆಯಲ್ಲಿ ಕೂತವರಿಗೆ ಜಾಝ್ ಅಂದರೆ ಮೂರು ನಿಮಿಷದ್ದು. 1940ರ ದಶಕದ ಕೊನೆಗೆ ಟೇಪ್ ಬಂತು, ಹೆಚ್ಚು ಹೊತ್ತು ಹಿಡಿಸುವ ಎಲ್‌ಪಿ ತಟ್ಟೆ ಬಂತು. ಆಮೇಲೆ ಕ್ಲಬ್ಬಿನ ಹೊತ್ತು ಹಾಗೇ ಮನೆಗೆ ಬರಲು ಸಾಧ್ಯವಾಯಿತು. 1961ರ ನವೆಂಬರ್‌ನಲ್ಲಿ, ಇವಾನ್ಸ್ ನುಡಿಸಿ ಐದು ತಿಂಗಳಿಗೆ, ಅದೇ ವ್ಯಾನ್‌ಗಾರ್ಡ್ ವೇದಿಕೆಯಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ‘ಚೇಸಿನ್ ದ ಟ್ರೇನ್’ ನುಡಿಸಿದ. ಹದಿನಾರು ನಿಮಿಷ. ಎಲ್‌ಪಿಯ ಒಂದು ಇಡೀ ಬದಿಗೆ ಅದೊಂದೇ. ಪಿಯಾನೊ ಸುಮ್ಮನಾಗಿದೆ. ಸ್ಯಾಕ್ಸೊಫೋನ್, ಬಾಸ್, ಎಲ್ವಿನ್ ಜೋನ್ಸ್‌ನ ಡ್ರಮ್ಸ್ ಅಷ್ಟೇ. ಕೋಲ್ಟ್ರೇನ್ ವೇದಿಕೆಯಲ್ಲಿ ಒಂದು ಕಡೆ ನಿಲ್ಲುತ್ತಿರಲಿಲ್ಲವಂತೆ. ಎಂಜಿನಿಯರ್ ರೂಡಿ ವಾನ್ ಗೆಲ್ಡರ್ ಮೈಕ್ ಹಿಡಿದು ಅವನ ಹಿಂದೆ ಓಡಾಡಬೇಕಾಯಿತು, ಹಾಡಿಗೆ ಆ ಹೆಸರು ಬಂದಿದ್ದೇ ಹಾಗೆ ಅಂತ ಹೇಳುತ್ತಾರೆ. ಅದೇ ಕೋಣೆ ಇವಾನ್ಸ್‌ಗೆ ಮೆತ್ತಗಾಗಲು ಹೇಳಿತ್ತು, ಕೋಲ್ಟ್ರೇನ್‌ಗೆ ಗೋಡೆ ಒಡೆಯಲು ಹೇಳಿದ ಹಾಗಿದೆ.

ವಾನ್ ಗೆಲ್ಡರ್ ಬಗ್ಗೆ ಒಂದು ಮಾತು ಸೇರಿಸದೆ ಇರಲಾರೆ. 1959ರವರೆಗೂ ಅವರ ಹಗಲಿನ ಕೆಲಸ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು. ಅಂಥವರು 1954ರಲ್ಲಿ ಬರ್ಡ್‌ಲ್ಯಾಂಡ್ ಕ್ಲಬ್‌ನಲ್ಲಿ ಡ್ರಮ್ಮರ್ ಆರ್ಟ್ ಬ್ಲೇಕಿ ತಂಡವನ್ನೂ, 1957ರಲ್ಲಿ ವ್ಯಾನ್‌ಗಾರ್ಡ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್‌ನನ್ನೂ ರೆಕಾರ್ಡ್ ಮಾಡಿದರು. ಬರ್ಡ್‌ಲ್ಯಾಂಡ್ ರೆಕಾರ್ಡಿಂಗ್ ಶುರುವಾಗುವುದೇ ಕ್ಲಬ್‌ನ ನಿರೂಪಕ ಪೀ ವೀ ಮಾರ್ಕೆಟ್ ಅನ್ನುವವನ ಕೀರಲು ದನಿಯಿಂದ. ಅವನು ಒಬ್ಬೊಬ್ಬರ ಹೆಸರು ಕೂಗುವಾಗ ನಿಮಗೆ ಬಾಗಿಲು ತಳ್ಳಿ ಒಳಗೆ ಬಂದ ಹಾಗಾಗುತ್ತದೆ.

ಲೈವ್ ಅಂದಿದ್ದೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಕ್ಯಾನನ್‌ಬಾಲ್ ಆಡರ್ಲಿ ಅನ್ನುವ ಸ್ಯಾಕ್ಸೊಫೋನ್ ವಾದಕನ ‘ಮರ್ಸಿ, ಮರ್ಸಿ, ಮರ್ಸಿ!’ ಆಲ್ಬಂ ಮೇಲೆ ಕ್ಲಬ್‌ನಲ್ಲಿ ಲೈವ್ ಅಂತಲೇ ಬರೆದಿದೆ. ಅದನ್ನು ಮಾಡಿದ್ದು 1966ರಲ್ಲಿ ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೊದಲ್ಲಿ. ಜನರನ್ನು ಕರೆದು, ಕುಡಿಯಲು ಕೊಟ್ಟು, ಕ್ಲಬ್‌ನ ವಾತಾವರಣ ಕಟ್ಟಿದರು. ತಮಾಷೆ ಏನಂದರೆ ಆ ಆಲ್ಬಂ ಚೆನ್ನಾಗಿದೆ! ಕ್ಲಬ್ ಸುಳ್ಳು, ಕೂಗಾಡುತ್ತಿರುವ ಜನ ನಿಜ, ಅವರ ಕೂಗಿಗೆ ತಂಡ ಉತ್ತರ ಕೊಡುತ್ತಿರುವುದೂ ನಿಜ. ಗಿಟಾರ್ ವಾದಕ ವೆಸ್ ಮಾಂಟ್‌ಗೊಮೆರಿಯ ‘ಸ್ಮೋಕಿನ್ ಅಟ್ ದ ಹಾಫ್ ನೋಟ್’ ಇನ್ನೊಂದು ಥರ. ಅದರಲ್ಲಿ ಎರಡು ಹಾಡು ಮಾತ್ರ ಹಾಫ್ ನೋಟ್ ಕ್ಲಬ್‌ನವು, ಮೂರು ಸ್ಟುಡಿಯೊದವು. ಹೆಸರು ನೋಡಿ ಕೊಂಡವರಿಗೆ ಟೋಪಿ ಬಿತ್ತು ಅನ್ನಬಹುದು, ಸಂಗೀತ ಕೇಳಿದರೆ ಸಿಟ್ಟು ಉಳಿಯುವುದಿಲ್ಲ.

ಇನ್ನೊಂದು ತುದಿಯಲ್ಲಿ ಡೀನ್ ಬೆನಡೆಟಿ ಅನ್ನುವ ಸ್ಯಾಕ್ಸೊಫೋನ್ ವಾದಕ ಇದ್ದ. 1940ರ ದಶಕದ ಕೊನೆಯಲ್ಲಿ ಅವನು ರೆಕಾರ್ಡಿಂಗ್ ಯಂತ್ರ ಹೊತ್ತು ಹೆಸರಾಂತ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸುವ ಕ್ಲಬ್‌ಗಳಿಗೆ ಹೋಗುತ್ತಿದ್ದ. ಪಾರ್ಕರ್ ಸೋಲೊ ಶುರು ಮಾಡಿದಾಗ ಯಂತ್ರ ಆನ್, ಅವನು ಮುಗಿಸಿದಾಗ ಆಫ್. ಬೇರೆಯವರು ನುಡಿಸಿದ್ದಕ್ಕೆ ಟೇಪ್ ಖರ್ಚು ಮಾಡುವುದು ಅವನಿಗೆ ದಂಡ. ಆ ತುಣುಕುಗಳು ಆಮೇಲೆ ಪ್ರಕಟವಾದವು. ಪಾರ್ಕರ್ ಸಂಗೀತವನ್ನು ಅಭ್ಯಾಸ ಮಾಡುವವರಿಗೆ ಅದು ಬಂಗಾರ. ಆದರೆ ಒಂದೇ ಸಮನೆ ಕೇಳಿದರೆ ಉಸಿರು ಕಟ್ಟುತ್ತದೆ. ಅವನು ಯಾರಿಗೆ ಉತ್ತರ ಕೊಡುತ್ತಿದ್ದಾನೆ, ಯಾರು ಎತ್ತಿಕೊಟ್ಟದ್ದನ್ನು ಮುಂದುವರಿಸುತ್ತಿದ್ದಾನೆ ಅಂತ ತಿಳಿಯುವುದೇ ಇಲ್ಲ. ಫೋನಿನಲ್ಲಿ ಒಂದೇ ಕಡೆಯ ಮಾತು ಕೇಳಿಸಿಕೊಂಡ ಹಾಗೆ.

ಈಗ ನಿಮ್ಮ ಆ್ಯಪ್. ಬಳಸಬೇಡಿ ಅಂತ ನಾನು ಯಾರು ಹೇಳಲು, ಒಮ್ಮೆ ಮಾಡಿಯೇ ನೋಡಿ. ಆದರೆ ಏನಾಗುತ್ತದೆ ಅಂತ ಮೊದಲೇ ಹೇಳುತ್ತೇನೆ. ಗ್ಲಾಸಿನ ಸದ್ದು ಇರುವುದು ಎತ್ತರದ ಸ್ವರಗಳ ಜಾಗದಲ್ಲಿ. ಮೋಶನ್‌ನ ಸಿಂಬಲ್ ಇರುವುದೂ ಅಲ್ಲೇ, ಬ್ರಷ್ ಉಜ್ಜುವ ಸರಸರ ಇರುವುದೂ ಅಲ್ಲೇ. ಒಂದನ್ನು ಕೀಳಲು ಹೋದರೆ ಇನ್ನೊಂದರ ಬೇರು ಸಡಿಲವಾಗುತ್ತದೆ. ನಾನೂ ಒಮ್ಮೆ ಇಂಥದ್ದರಲ್ಲಿ ‘ಮೈ ಫೂಲಿಶ್ ಹಾರ್ಟ್’ ಹಾಕಿ ನೋಡಿದೆ. ಜನರ ಮಾತು ಕಡಿಮೆಯಾಯಿತು, ನಿಜ. ಸಿಂಬಲ್ ಮಿನುಗು ಹೋಗಿ ನೀರಿನಲ್ಲಿ ಅದ್ದಿದ ಹಾಗಾಯಿತು. ಪಿಯಾನೊದ ಸ್ವರ ಪೂರ್ತಿ ಆರುವ ಮೊದಲೇ ತುಂಡಾಗುತ್ತಿತ್ತು, ಯಂತ್ರಕ್ಕೆ ಅದೂ ಗಲಾಟೆ ಅನಿಸಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಇವಾನ್ಸ್ ಕಾಯುತ್ತಿದ್ದ ಜಾಗಗಳಲ್ಲಿ ಏನೂ ಇರಲಿಲ್ಲ. ಸುಮ್ಮನೆ ಖಾಲಿ. ಅವನು ಯಾಕೆ ಕಾಯುತ್ತಿದ್ದಾನೆ ಅನ್ನುವುದೇ ಅರ್ಥವಾಗದ ಹಾಗಾಯಿತು.

ಚಪ್ಪಾಳೆ ಅಷ್ಟಕ್ಕಷ್ಟೆ ಅಂದಿರಿ. ನನಗೆ ಅದೇ ಇಷ್ಟ. ಬೆಂಕಿ ಹತ್ತಿದ ಹಾಗೆ ಅರಚುವ ಲೈವ್ ಆಲ್ಬಂಗಳು ನನಗೆ ಆಗಿಬರುವುದಿಲ್ಲ, ಮುಂದೆ ಏನು ಅನಿಸಬೇಕು ಅಂತ ಅವು ಮೊದಲೇ ಹೇಳಿಬಿಡುತ್ತವೆ. ಇಲ್ಲಿ ಹತ್ತಿಪ್ಪತ್ತು ಜನ ಚಪ್ಪಾಳೆ ತಟ್ಟಿದ ಹಾಗೆ ಕೇಳಿಸುತ್ತದೆ. ಉಳಿದವರು ಮಾತು ಮುಂದುವರಿಸುತ್ತಾರೆ. ತಮ್ಮ ಎದುರಿಗೆ ಏನು ನಡೆಯುತ್ತಿದೆ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗುವ ಬಗೆಯೂ ಇರಲಿಲ್ಲ. ಹನ್ನೊಂದು ದಿನಕ್ಕೆ, ಜುಲೈ 6ರಂದು, ಲಾಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೈದು ವಯಸ್ಸು. ಇವಾನ್ಸ್ ಎಷ್ಟೋ ತಿಂಗಳು ಜನರ ಮುಂದೆ ನುಡಿಸಲಿಲ್ಲ. ಮೊದಲು ಬಂದ ಆಲ್ಬಂ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ನಲ್ಲಿ ಬೇಕೆಂದೇ ಲಾಫಾರೊ ಮುಂದೆ ಬರುವ ಟೇಕ್‌ಗಳನ್ನು ಆರಿಸಿದರು. ಶುರುವಿನ ಹಾಡೂ ಅವನದೇ ರಚನೆ, ಕೊನೆಯದೂ ಅವನದೇ.

ಈ ಸಾವಿನಿಂದಲೇ ರೆಕಾರ್ಡಿಂಗ್‌ಗೆ ಹೆಸರು ಬಂತು ಅನ್ನುವವರಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ ಇರಬಹುದು. ಆದರೆ ಆ ಕತೆ ಗೊತ್ತಿಲ್ಲದೆ ಕೇಳಿದ ಹೊತ್ತಿನಲ್ಲೂ ನನ್ನ ಕಿವಿ ಮತ್ತೆ ಮತ್ತೆ ಬಾಸ್ ಕಡೆಗೇ ಹೋಗುತ್ತಿತ್ತು. ಅದಕ್ಕೇ ಈ ವಿಷಯವನ್ನು ಇಷ್ಟು ಹೊತ್ತು ನಿಮಗೂ ಹೇಳಲಿಲ್ಲ.

ಮುಂದೆ ಏನು ಕೇಳಲಿ ಅಂತ ನೀವು ಕೇಳಿಲ್ಲ, ಆದರೂ ಎರಡು ಹೇಳುತ್ತೇನೆ. ಪಿಯಾನೊ ವಾದಕ ಅಹಮದ್ ಜಮಾಲ್ ಟ್ರಿಯೊ 1958ರ ಜನವರಿಯಲ್ಲಿ ಷಿಕಾಗೊದ ಪರ್ಷಿಂಗ್ ಲೌಂಜ್‌ನಲ್ಲಿ ನುಡಿಸಿದ್ದು. ಅದರಲ್ಲಿ ‘ಪಾಯಿನ್ಸಿಯಾನಾ’ ಅನ್ನುವ ಎಂಟು ನಿಮಿಷದ ಹಾಡಿದೆ, ಡ್ರಮ್ಸ್ ಲಯಕ್ಕೆ ಕಾಲು ತಾನಾಗಿ ಅಲುಗುತ್ತದೆ. ಜಾಝ್ ಹೊಸದು ಅನ್ನುವವರಿಗೆ ಇದಕ್ಕಿಂತ ಸುಲಭದ ಬಾಗಿಲಿಲ್ಲ. ಆ ಆಲ್ಬಂ ಆ ಕಾಲದಲ್ಲಿ ನೂರು ವಾರಕ್ಕೂ ಜಾಸ್ತಿ ಮಾರಾಟದ ಪಟ್ಟಿಯಲ್ಲಿತ್ತು. ಎರಡನೆಯದು ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿ ಮತ್ತು ಟ್ರಂಪೆಟ್ ವಾದಕ ಬುಕರ್ ಲಿಟ್ಲ್, 1961ರ ಜುಲೈ 16, ನ್ಯೂಯಾರ್ಕ್‌ನ ಫೈವ್ ಸ್ಪಾಟ್. ಅಲ್ಲಿನ ಪಿಯಾನೊ ಶ್ರುತಿ ಸರಿ ಇಲ್ಲ. ಕ್ಲಬ್‌ನಲ್ಲಿ ಏನಿದೆಯೋ ಅದರ ಮೇಲೇ ನುಡಿಸಬೇಕು. ಮಾಲ್ ವಾಲ್ಡ್ರನ್ ಆ ಪಿಯಾನೊದ ಮೇಲೆ ಒಂದೇ ಸ್ವರಸಾಲನ್ನು ಕುಟ್ಟಿ ಕುಟ್ಟಿ ನುಡಿಸುವಾಗ ಅದು ಹೀಗೇ ಇರಬೇಕಿತ್ತು ಅನಿಸಿಬಿಡುತ್ತದೆ. ಇದು ಸ್ವಲ್ಪ ಖಾರ, ಜಮಾಲ್ ಆದ ಮೇಲೆ ಹಾಕಿಕೊಳ್ಳಿ.

ಹೆಡ್‌ಫೋನ್ ಒಳ್ಳೆಯದಾ, ಸ್ಪೀಕರ್ ಒಳ್ಳೆಯದಾ ಅಂದರೆ ಇವಾನ್ಸ್‌ಗೆ ನಾನು ಸ್ಪೀಕರ್ ಅನ್ನುತ್ತೇನೆ, ಅದೂ ಸಣ್ಣ ದನಿಯಲ್ಲಿ. ಹೆಡ್‌ಫೋನ್‌ನಲ್ಲಿ ಆ ಜನ ನಿಮ್ಮ ತಲೆಯೊಳಗೆ ಕೂತು ಮಾತಾಡುತ್ತಾರೆ, ಅದಕ್ಕೇ ಕಿರಿಕಿರಿ. ಸ್ಪೀಕರ್‌ನಲ್ಲಿ ಅವರು ಕೋಣೆಯ ಆಚೆ ಬದಿಯಲ್ಲಿರುತ್ತಾರೆ. ಆಗಬಹುದು ಅನಿಸಿದರೆ ಒಂದು ರಜಾ ದಿನ ಇಡೀ ಮೂರು ಸಿಡಿ ಅನುಕ್ರಮವಾಗಿ ಕೇಳಿ. ಮೊದಲ ಹಾಡಿನಲ್ಲಿ ಕರೆಂಟು ಹೋಗುವುದರಿಂದ ಹಿಡಿದು, ರಾತ್ರಿಯ ಕೊನೆಯ ಹಾಡು ‘ಜೇಡ್ ವಿಷನ್ಸ್’ವರೆಗೆ. ಅದು ಲಾಫಾರೊ ರಚನೆ. ಅದನ್ನು ಅವರು ಎರಡು ಸಲ ನುಡಿಸುತ್ತಾರೆ. ಅದಾದ ಮೇಲೆ ಇನ್ನೂ ಒಂದು ಚಿಕ್ಕ ಟ್ರ್ಯಾಕ್ ಇದೆ, ಹೆಸರು ‘ಎ ಫ್ಯೂ ಫೈನಲ್ ಬಾರ್ಸ್’. ಅಂಗಡಿ ಬಾಗಿಲು ಹಾಕುವಾಗ ನುಡಿಸುವಂಥದ್ದು, ಯಾವ ಹಾಡೂ ಅಲ್ಲ. ಟೇಪ್ ಇನ್ನೂ ತಿರುಗುತ್ತಿತ್ತು, ಅದಕ್ಕೆ ಉಳಿದುಕೊಂಡಿತು.